ಬೆಕ್ಕಿನ ಗಂಟು ಕೂದಲಿಗೆ ಕತ್ತರಿ ಹಾಕಬೇಡಿ

ಮಾನ್ಯ ಸಂಪಾದಕರಿಗೆ ನಮಸ್ಕಾರ.

ನಿಮ್ಮ ಪತ್ರಿಕೆಯ ಸಣ್ಣ ಜಾಹೀರಾತುಗಳ ನಡುವೆ ಈಗೀಗ ಪರ್ಷಿಯನ್ ಬೆಕ್ಕಿನ ಮರಿಗಳೂ ಕಾಣಿಸುತ್ತಿವೆ. ಬಣ್ಣ ಬರೆದಿರುತ್ತಾರೆ, ವಯಸ್ಸು ಬರೆದಿರುತ್ತಾರೆ, ಕೆಳಗೆ ಫೋನ್ ನಂಬರ್ ಇರುತ್ತದೆ. ಈ ಬೆಕ್ಕಿಗೆ ದಿನಾ ತಲೆ ಬಾಚಿದ ಹಾಗೆ ಮೈ ಬಾಚಬೇಕು ಎಂಬ ಮಾತು ಮಾತ್ರ ಎಲ್ಲೂ ಇರುವುದಿಲ್ಲ. ಆ ಒಂದು ಮಾತು ಯಾರೂ ಹೇಳದೇ ಇರುವುದರಿಂದ ನಮ್ಮ ಹಾಸನದಲ್ಲಿ ಬೆಕ್ಕುಗಳು ಪಡುವ ನೋವನ್ನು ನಾನು ಹತ್ತಿರದಿಂದ ನೋಡುತ್ತಿದ್ದೇನೆ. ಅದಕ್ಕೇ ಈ ಪತ್ರ.

ನಾನು ಹೊಲಿಗೆ ಕೆಲಸದವಳು. ಸಾಲಗಾಮೆ ರಸ್ತೆಯ ಒಂದು ಕ್ರಾಸಿನಲ್ಲಿ, ಮನೆಯ ಮುಂದಿನ ಕೋಣೆಯಲ್ಲೇ ಮಿಷನ್ ಇಟ್ಟುಕೊಂಡು ಬ್ಲೌಸ್, ಚೂಡಿದಾರ್ ಹೊಲಿಯುತ್ತೇನೆ. ಬೆಕ್ಕಿಗೂ ನನಗೂ ಏನು ಸಂಬಂಧ ಅಂತ ಕೇಳಬಹುದು. ಸಂಬಂಧ ನನ್ನ ಕತ್ತರಿಯದ್ದು. ನಮ್ಮ ಬೀದಿಯಲ್ಲಿ, ಹಿಂದಿನ ಬೀದಿಯಲ್ಲಿ ಉದ್ದ ಕೂದಲಿನ ಬೆಕ್ಕು ಸಾಕಿದವರು ಜಾಸ್ತಿಯಾಗಿದ್ದಾರೆ. ಮಳೆ ಹಿಡಿದ ಮೇಲೆ ಒಬ್ಬರಲ್ಲ ಒಬ್ಬರು ಬೆಕ್ಕನ್ನು ಬುಟ್ಟಿಯಲ್ಲೋ ಚೀಲದಲ್ಲೋ ಹಾಕಿಕೊಂಡು ಬಂದು ಬಾಗಿಲಲ್ಲಿ ನಿಲ್ಲುತ್ತಾರೆ. "ಅಕ್ಕಾ, ನಿಮ್ಮ ಕತ್ತರಿ ಚೂಪಾಗಿರುತ್ತಲ್ವಾ, ಇದರ ಹೊಟ್ಟೆ ಕೆಳಗೆ ಗಂಟಾಗಿದೆ, ಸ್ವಲ್ಪ ಕತ್ತರಿಸಿ ಕೊಡಿ" ಅಂತಾರೆ. ನಾನು ಕತ್ತರಿ ಕೊಡುವುದಿಲ್ಲ, ಕತ್ತರಿಸಿಯೂ ಕೊಡುವುದಿಲ್ಲ. ಒಳಗೆ ಬಂದು ಕೂತುಕೊಳ್ಳಿ ಅನ್ನುತ್ತೇನೆ. ಅಲ್ಲಿ ಕೂರಿಸಿ ಹೇಳುವುದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಬೆಕ್ಕಿನ ಚರ್ಮ ಬಹಳ ತೆಳು. ಮೈಗೆ ಅಂಟಿಕೊಂಡಿರುವುದಿಲ್ಲ, ಸಡಿಲವಾಗಿರುತ್ತದೆ. ಗಂಟನ್ನು ಎರಡು ಬೆರಳಲ್ಲಿ ಎತ್ತಿ ಹಿಡಿದರೆ ಅದರ ಜೊತೆ ಚರ್ಮವೂ ಎದ್ದು ಬರುತ್ತದೆ. ಕೂದಲು ಎಲ್ಲಿ ಮುಗಿಯಿತು, ಚರ್ಮ ಎಲ್ಲಿ ಶುರುವಾಯಿತು ಅಂತ ಕಣ್ಣಿಗೆ ಕಾಣುವುದಿಲ್ಲ. ಬಟ್ಟೆ ಕತ್ತರಿಸುವ ಕೈ ಎಷ್ಟೇ ನುರಿತಿದ್ದರೂ ಇಲ್ಲಿ ಪ್ರಯೋಜನವಿಲ್ಲ, ಯಾಕೆಂದರೆ ಬಟ್ಟೆ ಮಿಸುಕಾಡುವುದಿಲ್ಲ. ಹೋದ ಮಳೆಗಾಲದಲ್ಲಿ ಪಕ್ಕದ ಬೀದಿಯ ಮನೆಯಲ್ಲಿ ಹೀಗೇ ಆಯಿತು. ಹುಡುಗ ಬೆಕ್ಕನ್ನು ಹಿಡಿದುಕೊಂಡ, ಅವನ ತಾಯಿ ಅಡುಗೆಮನೆ ಕತ್ತರಿಯಿಂದ ತೊಡೆ ಸಂದಿನ ಗಂಟು ಕತ್ತರಿಸಿದರು. ಬೆಕ್ಕು ಒಮ್ಮೆ ಕೊಸರಿಕೊಂಡಿತು ಅಷ್ಟೇ. ಮೊದಲಿಗೆ ರಕ್ತ ಕೂಡ ಅಷ್ಟಾಗಿ ಬರಲಿಲ್ಲವಂತೆ. ಸಂಜೆ ನೋಡಿದರೆ ಚರ್ಮ ಬಾಯಿ ಬಿಟ್ಟುಕೊಂಡಿತ್ತು. ಡಾಕ್ಟರು ಮತ್ತು ಬರುವ ಇಂಜೆಕ್ಷನ್ ಕೊಟ್ಟು ಹೊಲಿಗೆ ಹಾಕಿದರು. ಆ ತಾಯಿ ಬೆಕ್ಕಿನ ಮೇಲೆ ಪ್ರಾಣ ಇಟ್ಟುಕೊಂಡವರು. ಹೇಗೆ ಬಿಡಿಸಬೇಕು ಅಂತ ಬೆಕ್ಕು ಮಾರಿದವರು ಅವರಿಗೆ ಹೇಳಿಯೇ ಇರಲಿಲ್ಲ. ಪಶುವೈದ್ಯರ ಹತ್ತಿರ ಬರುವ ಬೆಕ್ಕಿನ ಗಾಯಗಳಲ್ಲಿ ಇಂಥ ಕತ್ತರಿ ಗಾಯಗಳು ಅಪರೂಪವೇನಲ್ಲ.

ಎರಡನೇ ವಿಷಯ ಸ್ನಾನ. ಗಂಟಾಗಿದೆ, ಕೊಳಕಾಗಿ ಕಾಣುತ್ತದೆ, ಬಿಸಿನೀರು ಶಾಂಪೂ ಹಾಕಿ ಉಜ್ಜಿದರೆ ಬಿಟ್ಟುಕೊಳ್ಳುತ್ತದೆ ಅಂತ ಬಹಳ ಜನ ನಂಬಿದ್ದಾರೆ. ಆಗುವುದು ಪೂರ್ತಿ ಉಲ್ಟಾ. ನನ್ನ ತವರು ಅರಸೀಕೆರೆ ಕಡೆ. ಕುರಿ ಸಾಕಿ ಕಂಬಳಿ ನೇಯುತ್ತಿದ್ದ ಮನೆ. ಅಜ್ಜಿ ಜಗುಲಿಯಲ್ಲಿ ಕೂತು ಉಣ್ಣೆ ಹಿಂಜುತ್ತಿದ್ದರು, ನಾವು ಮಕ್ಕಳು ಸುತ್ತ ಕೂತು ಅದರಲ್ಲಿ ಸಿಕ್ಕಿಕೊಂಡ ಕಸ, ಮುಳ್ಳು ಆರಿಸುತ್ತಿದ್ದೆವು. ಹಿಂಜುವ ಮುಂಚೆ ಉಣ್ಣೆಗೆ ನೀರು ತಾಗಿಸಿ ಕಿವುಚಿದರೆ ಅಜ್ಜಿ ಕೈ ಮೇಲೆ ಹೊಡೆಯುತ್ತಿದ್ದರು. ಉಣ್ಣೆಯ ಎಳೆಯ ಮೇಲೆ ಕಣ್ಣಿಗೆ ಕಾಣದಷ್ಟು ಸಣ್ಣ ಹುರುಪೆಗಳಿರುತ್ತವೆ. ನೀರು, ಬಿಸಿ, ಉಜ್ಜಾಟ ಮೂರೂ ಸೇರಿದರೆ ಅವು ಒಂದಕ್ಕೊಂದು ಕಚ್ಚಿಕೊಂಡು ಬಿಗಿಯುತ್ತವೆ. ಉಣ್ಣೆ ಸ್ವೆಟರನ್ನು ಬಿಸಿನೀರಿಗೆ ಹಾಕಿ ಹಿಂಡಿದರೆ ಕುಗ್ಗಿ ಗಟ್ಟಿಯಾಗುವುದು ಇದೇ ಕಾರಣಕ್ಕೆ. ಪರ್ಷಿಯನ್ ಬೆಕ್ಕಿಗೆ ಮೇಲೆ ಉದ್ದ ಕೂದಲು, ಅದರ ಬುಡದಲ್ಲಿ ಉಣ್ಣೆಯಂಥ ಇನ್ನೊಂದು ಮೆತ್ತನೆಯ ತುಪ್ಪಳ. ಗಂಟಾಗುವುದು ಹೆಚ್ಚಾಗಿ ಈ ಒಳಗಿನದು. ಉದುರಿದ ಒಳತುಪ್ಪಳ ಹೊರಗೆ ಬೀಳದೆ ಉದ್ದ ಕೂದಲಿನಲ್ಲಿ ಸಿಕ್ಕಿಕೊಳ್ಳುತ್ತದೆ. ಅದನ್ನು ಬಿಡಿಸದೆ ನೀರು ಹಾಕಿದರೆ ಒಣಗುವ ಹೊತ್ತಿಗೆ ಚರ್ಮಕ್ಕೆ ಮೊದಲಿಗಿಂತ ಹತ್ತಿರಕ್ಕೆ ಬಿಗಿದುಕೊಂಡಿರುತ್ತದೆ. ಸ್ನಾನ ಮಾಡಿಸಲೇಬೇಕು ಅಂದರೆ ಪೂರ್ತಿ ಬಾಚಿ, ಒಂದು ಗಂಟೂ ಇಲ್ಲ ಅಂತ ಕೈಯಾಡಿಸಿ ನೋಡಿ, ಆಮೇಲೆ ಮಾಡಿಸಿ. ಬುಡದವರೆಗೆ ಒಣಗಿಸಿ.

ನೋವು ಅನ್ನುವ ಮಾತನ್ನು ನಾನು ಸುಮ್ನೆ ಬಳಸುತ್ತಿಲ್ಲ. ಕಂಕುಳಲ್ಲಿ ಗಂಟಾದ ಬೆಕ್ಕು ಮುಂಗಾಲು ಎತ್ತಿಡುವಾಗಲೆಲ್ಲ ಚರ್ಮ ಜಗ್ಗುತ್ತದೆ. ತೊಡೆ ಸಂದಿನಲ್ಲಾದರೆ ಜಿಗಿಯುವುದನ್ನೇ ಬಿಡುತ್ತದೆ. ಬಾಲದ ಬುಡದಲ್ಲಾದರೆ ಮಲ ಅಂಟಿಕೊಂಡು ಕೂರಲಾಗದೆ ಒದ್ದಾಡುತ್ತದೆ. ಮನೆಯವರು "ನಮ್ಮ ಬೆಕ್ಕಿಗೆ ಯಾಕೋ ಕೋಪ ಜಾಸ್ತಿ, ಮುಟ್ಟಿದರೆ ಕಚ್ಚುತ್ತೆ" ಅನ್ನುತ್ತಾರೆ. ಕೈಯಾಡಿಸಿ ನೋಡಿದರೆ ಹೊಟ್ಟೆಯ ಅಡಿ ಅಂಗೈ ಅಗಲ ಗಟ್ಟಿಯಾಗಿರುತ್ತದೆ. ಅದರ ಕೆಳಗೆ ಗಾಳಿ ಆಡುವುದಿಲ್ಲ. ಚರ್ಮ ಕೆಂಪಾಗುತ್ತದೆ, ನೀರಾಡುತ್ತದೆ, ಚಿಗಟ ಮನೆ ಮಾಡುತ್ತದೆ. ನಮ್ಮ ಕಡೆ ಮಳೆಗಾಲದಲ್ಲಿ ಇದು ಇನ್ನೂ ಅಪಾಯ. ಸಕಲೇಶಪುರದ ಕಡೆಯಿಂದ ಒಬ್ಬರು ಬ್ಲೌಸ್ ಹೊಲಿಸಲು ಬರುತ್ತಾರೆ. ಎಸ್ಟೇಟ್ ಲೈನಿನಲ್ಲಿ ಮನೆ. ಆಷಾಢದಲ್ಲಿ ಅವರ ಕೆಂದು ಬಣ್ಣದ ಬೆಕ್ಕನ್ನೂ ಜೊತೆಗೆ ತಂದಿದ್ದರು. ಬಾಲದ ಕೆಳಗಿನ ಗಂಟಿನಿಂದ ವಾಸನೆ ಬರುತ್ತಿತ್ತು. ಬಟ್ಟೆಯ ಅಳತೆ ಆಮೇಲೆ, ಮೊದಲು ದನದ ಆಸ್ಪತ್ರೆಗೆ ನಡೀರಿ ಅಂತ ಆಟೋ ಹತ್ತಿಸಿದೆ. ಒಳಗೆ ನೊಣ ಮೊಟ್ಟೆಯಿಟ್ಟು ಹುಳ ಬಿದ್ದಿತ್ತು. ಡಾಕ್ಟರು ಮಿಷನ್‌ನಿಂದ ಕೂದಲು ತೆಗೆದು, ಹುಳ ಆರಿಸಿ, ಔಷಧಿ ಹಾಕಿದರು. ಬೆಕ್ಕು ಉಳಿಯಿತು. ತೇವ, ಕೊಳೆ, ನೊಣ ಮೂರೂ ಇರುವ ಜಾಗದಲ್ಲಿ ದನಕ್ಕೆ ಹುಳ ಬೀಳುವುದು ನಮಗೆಲ್ಲ ಗೊತ್ತು. ಬೆಕ್ಕಿಗೂ ಹಾಗೇ ಬೀಳುತ್ತದೆ. ಕೂದಲು ಮುಚ್ಚಿರುವುದರಿಂದ ನಮಗೆ ಕಾಣುವುದು ತಡ.

"ಬೆಕ್ಕು ತನ್ನ ಮೈ ತಾನೇ ನೆಕ್ಕಿಕೊಳ್ಳುತ್ತಲ್ವಾ, ನಾವು ಯಾಕೆ ಬಾಚಬೇಕು?" ಇದು ಎಲ್ಲರೂ ಕೇಳುವ ಪ್ರಶ್ನೆ. ನ್ಯಾಯವಾದ ಪ್ರಶ್ನೆಯೇ. ನಮ್ಮ ನಾಡಬೆಕ್ಕಿನ ಮಟ್ಟಿಗೆ ಹೆಚ್ಚು ಕಡಿಮೆ ಅದು ಸರಿ. 2018ರಲ್ಲಿ ಅಮೆರಿಕದ ಜಾರ್ಜಿಯಾ ಟೆಕ್‌ನ ಸಂಶೋಧಕರು ಬೆಕ್ಕಿನ ನಾಲಿಗೆಯ ಬಗ್ಗೆ ಒಂದು ಅಧ್ಯಯನ ಪ್ರಕಟಿಸಿದರು. ಮಗಳು ಅದನ್ನು ನನಗೆ ಓದಿ ಹೇಳಿದಳು. ನಾಲಿಗೆಯ ಮೇಲೆ ಹಿಂದಕ್ಕೆ ಬಾಗಿದ ಸಣ್ಣ ಮುಳ್ಳುಗಳಿವೆಯಲ್ಲ, ಅವುಗಳ ತುದಿ ಟೊಳ್ಳಂತೆ. ಅದರಲ್ಲಿ ಎಂಜಲು ತುಂಬಿಕೊಂಡು ಕೂದಲಿನ ಬುಡಕ್ಕೆ ಒಯ್ಯುತ್ತದೆ. ಹುಲಿಯಿಂದ ಹಿಡಿದು ಮನೆಬೆಕ್ಕಿನವರೆಗೆ ಇದೇ ವ್ಯವಸ್ಥೆ. ಆದರೆ ಪರ್ಷಿಯನ್ ಬೆಕ್ಕಿನ ತುಪ್ಪಳ ಎಷ್ಟು ಉದ್ದ, ಎಷ್ಟು ದಟ್ಟ ಅಂದರೆ ಆ ಮುಳ್ಳು ಚರ್ಮದವರೆಗೆ ತಲುಪುವುದೇ ಇಲ್ಲ. ಅದು ದಿನವಿಡೀ ನೆಕ್ಕಿಕೊಂಡರೂ ಮೇಲೆ ಮೇಲೆ ಮಾತ್ರ. ಮನುಷ್ಯರು ಚೆಂದಕ್ಕೆ ಅಂತ ತಲೆಮಾರುಗಟ್ಟಲೆ ಆರಿಸಿ ಆರಿಸಿ ಬೆಳೆಸಿದ ಕೂದಲು ಅದು. ಬೆಕ್ಕಿನ ಕೈಲಾಗದ ಕೆಲಸವನ್ನು ನಾವೇ ಮಾಡಿಕೊಡಬೇಕು.

ಈಗ ಬಿಡಿಸುವ ವಿಧಾನ. ಅಜ್ಜಿ ಉಣ್ಣೆ ಹಿಂಜುತ್ತಿದ್ದ ಕೈಯಿಂದಲೇ ನಾನು ಇದನ್ನು ಕಲಿತಿದ್ದು. ಆಮೇಲೆ ಪಶುವೈದ್ಯರನ್ನು ಕೇಳಿ ತಿದ್ದಿಕೊಂಡೆ. ನಮ್ಮ ಮನೆಯಲ್ಲೂ ಒಂದು ಬೂದು ಬಣ್ಣದ ಬೆಕ್ಕಿದೆ. ವರ್ಗವಾಗಿ ಹೋದವರು ಬಿಟ್ಟು ಹೋಗಿದ್ದು. ಬೂದಿ ಅಂತಲೇ ಕರೆಯುತ್ತೇವೆ.

ಮೊದಲು ಹೊತ್ತು ನೋಡಿ. ಹೊಟ್ಟೆ ತುಂಬಿ ನಿದ್ದೆ ಎಳೆಯುವಾಗ ಒಳ್ಳೆಯದು. ತೊಡೆಯ ಮೇಲೆ ಹಳೆಯ ಟವೆಲ್ ಹಾಸಿಕೊಂಡು ಕೂರಿಸಿಕೊಳ್ಳಿ. ಗಂಟಿನ ಮೇಲೆ ಚಿಟಿಕೆ ಕಾರ್ನ್‌ಫ್ಲೋರ್ ಉದುರಿಸಿ ಬೆರಳಿನಿಂದ ಒಳಗೆ ಸೇರಿಸಿ. ಎಳೆಗಳು ಜಾರುವುದಕ್ಕೆ ಅದು ಸಹಾಯ ಮಾಡುತ್ತದೆ. ಮೈಗೆ ಹಾಕುವ ಸುವಾಸನೆಯ ಪೌಡರ್ ಬೇಡ, ಅದನ್ನೂ ಬೆಕ್ಕು ನೆಕ್ಕುತ್ತದೆ. ಎಡಗೈಯ ಬೆರಳುಗಳಲ್ಲಿ ಗಂಟಿನ ಬುಡವನ್ನು, ಚರ್ಮದ ಪಕ್ಕದಲ್ಲೇ, ಹಿಡಿದುಕೊಳ್ಳಿ. ಬಲಗೈ ಎಷ್ಟು ಎಳೆದರೂ ಆ ಜಗ್ಗಾಟ ಎಡಗೈಯಲ್ಲೇ ನಿಲ್ಲಬೇಕು, ಚರ್ಮಕ್ಕೆ ಹೋಗಬಾರದು. ಇಡೀ ವಿಧಾನದ ಜೀವ ಇರುವುದು ಇಲ್ಲೇ. ಉದ್ದ ಕೂದಲಿನ ಹೆಣ್ಣುಮಗುವಿಗೆ ಸಿಕ್ಕು ಬಿಡಿಸುವಾಗ ತಾಯಂದಿರು ಬುಡ ಹಿಡಿದುಕೊಳ್ಳುವುದು ಇದಕ್ಕೇ ಅಲ್ವಾ. ಆಮೇಲೆ ಗಂಟಿನ ಹೊರ ಅಂಚಿನಿಂದ ಎಳೆ ಎಳೆಯಾಗಿ ಬೆರಳಲ್ಲೇ ಹಿಂಜಿ. ಮಧ್ಯಕ್ಕೆ ಕೈ ಹಾಕಬೇಡಿ. ದೊಡ್ಡ ಗಂಟು ಎರಡು ಮೂರು ಸಣ್ಣ ಗಂಟುಗಳಾಗಿ ಒಡೆಯುತ್ತದೆ. ಆಗ ಅಗಲ ಹಲ್ಲಿನ ಸ್ಟೀಲ್ ಬಾಚಣಿಗೆ ತೆಗೆದುಕೊಂಡು ಕೂದಲಿನ ತುದಿಯಿಂದ ಶುರು ಮಾಡಿ, ಸ್ವಲ್ಪ ಸ್ವಲ್ಪ ಬುಡದ ಕಡೆಗೆ ಬನ್ನಿ. ಬುಡದಿಂದ ತುದಿಗೆ ಒಂದೇ ಸಲ ಎಳೆದರೆ ಎಲ್ಲಾ ಸಿಕ್ಕು ತುದಿಗೆ ಬಂದು ಇನ್ನೂ ಗಟ್ಟಿಯಾಗುತ್ತದೆ.

ಬೆಕ್ಕು ಬಾಲ ಬಡಿಯತೊಡಗಿದರೆ, ಕಿವಿ ಹಿಂದಕ್ಕೆ ಮಡಚಿದರೆ ಅಲ್ಲಿಗೆ ನಿಲ್ಲಿಸಿ. ಅರ್ಧ ಬಿಡಿಸಿದ ಗಂಟು ನಾಳೆಯವರೆಗೆ ಹಾಗೇ ಇದ್ದರೆ ನಷ್ಟವೇನೂ ಇಲ್ಲ. ನಾಲ್ಕು ಜನ ಅದುಮಿ ಹಿಡಿದು ಇವತ್ತೇ ಮುಗಿಸುತ್ತೇವೆ ಅಂತ ಹೊರಟರೆ ಮಾರನೇ ದಿನ ಬಾಚಣಿಗೆ ಕಂಡರೇ ಅಟ್ಟ ಹತ್ತಿ ಕೂರುತ್ತದೆ. ನಿಲ್ಲಿಸಿದ ಮೇಲೆ ಅದಕ್ಕೆ ಇಷ್ಟವಾದದ್ದು ಏನಾದರೂ ಒಂದು ತುಣುಕು ಕೊಡಿ. ನಮ್ಮ ಬೂದಿಗೆ ಬೇಯಿಸಿದ ಕೋಳಿಯ ಒಂದು ಎಳೆ ಸಾಕು. ಉಪ್ಪು, ಖಾರ, ಈರುಳ್ಳಿ, ಬೆಳ್ಳುಳ್ಳಿ ಇಲ್ಲದ್ದು. ಈರುಳ್ಳಿ, ಬೆಳ್ಳುಳ್ಳಿ ಬೆಕ್ಕಿಗೆ ವಿಷ.

ಬಾಚಣಿಗೆಯ ಹಲ್ಲು ಗಂಟಿಗೂ ಚರ್ಮಕ್ಕೂ ನಡುವೆ ಹೋಗುವುದೇ ಇಲ್ಲ ಅನ್ನುವಷ್ಟು ಬಿಗಿದಿದ್ದರೆ ಅದು ನಮ್ಮ ಕೆಲಸವಲ್ಲ. ಪಶುವೈದ್ಯರ ಹತ್ತಿರ ಒಯ್ಯಿರಿ. ಅವರು ಕ್ಲಿಪ್ಪರ್ ಮಿಷನ್‌ನಿಂದ ತೆಗೆಯುತ್ತಾರೆ. ಬೇಕಾದರೆ ಮತ್ತು ಬರುವ ಔಷಧಿ ಕೊಡುತ್ತಾರೆ. ಆ ಔಷಧಿಗೆ ಹೆದರಿ ಅನೇಕರು ಹಿಂದೆ ಸರಿಯುತ್ತಾರೆ. ನೋವಿನಲ್ಲಿ, ಭಯದಲ್ಲಿ ಒದ್ದಾಡುವ ಬೆಕ್ಕನ್ನು ಒತ್ತಿ ಹಿಡಿಯುವುದಕ್ಕಿಂತ ಡಾಕ್ಟರ ಕೈಯಲ್ಲಿ ಅಳತೆ ನೋಡಿ ಕೊಟ್ಟ ಔಷಧಿ ವಾಸಿ. ಬೋಳು ಮಾಡಿದರೆ ನೋಡುವುದಕ್ಕೆ ಚೆಂದ ಇರಲ್ಲ ಅಂತ ಚಿಂತೆ ಬೇಡ, ಕೂದಲು ಬರುತ್ತದೆ. ಪೂರ್ತಿ ಉದ್ದಕ್ಕೆ ಬೆಳೆಯಲು ಕೆಲವು ತಿಂಗಳು ಹಿಡಿಯುತ್ತದೆ ಅಷ್ಟೇ. ಡಿಸೆಂಬರ್, ಜನವರಿಯ ಹಾಸನದ ಚಳಿಯಲ್ಲಿ ಕೂದಲು ತೆಗೆಸಿದ್ದರೆ ರಾತ್ರಿ ಬೆಚ್ಚಗಿನ ಜಾಗ ಮಾಡಿಕೊಡಿ.

ಎಣ್ಣೆ ಹಚ್ಚುವವರಿಗೂ ಒಂದು ಮಾತು. ತೆಂಗಿನೆಣ್ಣೆ ಹಾಕಿ ನೆನೆಸಿದರೆ ಬಿಗಿದ ಗಂಟು ಬಿಡುವುದಿಲ್ಲ, ಅದಕ್ಕೆ ಧೂಳು ಹತ್ತಿಕೊಳ್ಳುತ್ತದೆ, ಬೆಕ್ಕು ಎಲ್ಲಾ ನೆಕ್ಕಿ ಭೇದಿ ಮಾಡಿಕೊಳ್ಳುತ್ತದೆ. ಹಲಸಿನ ಕಾಲದಲ್ಲಿ ಹಲಸಿನ ಮೇಣ ಅಂಟಿಕೊಂಡಿದ್ದರೆ ಮಾತ್ರ ಎಣ್ಣೆಗೆ ಕೆಲಸವಿದೆ. ಅಡುಗೆ ಎಣ್ಣೆ ಸ್ವಲ್ಪ ಬಟ್ಟೆಗೆ ಹಾಕಿ ಒರೆಸಿ. ಸೀಮೆಎಣ್ಣೆ, ಪೆಟ್ರೋಲು, ಡೆಟಾಲ್ ಯಾವುದೂ ಬೇಡ, ಬೆಕ್ಕಿನ ಮೈಗೆ ಹಾಕಿದ್ದು ಬೆಕ್ಕಿನ ಹೊಟ್ಟೆಗೆ ಹೋಗುತ್ತದೆ. ಗಂಟಿನೊಳಗೆ ಚಿಗಟ ಕಂಡಿತು ಅಂತ ನಾಯಿಯ ಉಣುಗಿನ ಔಷಧಿ ಬಿಡುವವರೂ ಇದ್ದಾರೆ. ಅದರಲ್ಲಿ ಪರ್ಮೆಥ್ರಿನ್ ಇದ್ದರೆ ಬೆಕ್ಕಿಗೆ ನಡುಕ ಬಂದು, ಸೆಳೆತ ಬಂದು ಜೀವವೇ ಹೋಗಬಹುದು. ಬೆಕ್ಕಿಗೆ ಅಂತಲೇ ಇರುವ ಔಷಧಿಯನ್ನು ಡಾಕ್ಟರನ್ನು ಕೇಳಿ ಹಾಕಿ.

ಹಿತ್ತಿಲಲ್ಲಿ ಓಡಾಡುವ ಬೆಕ್ಕಾದರೆ ಸಂಜೆ ಒಳಗೆ ಬಂದಾಗ ಕೈಯಾಡಿಸಿ ನೋಡಿ. ಉತ್ತರಾಣಿಯ ಬೀಜ ಒಂದು ಸಿಕ್ಕಿಕೊಂಡರೂ ಅದರ ಸುತ್ತ ಕೂದಲು ಸುತ್ತಿಕೊಂಡು ಗಂಟು ಶುರುವಾಗುತ್ತದೆ. ಕಿವಿಯ ಹಿಂದೆ, ಕತ್ತಿನ ಪಟ್ಟಿಯ ಕೆಳಗೆ, ಕಂಕುಳು, ಹೊಟ್ಟೆ, ಹಿಂಗಾಲಿನ ಹಿಂಭಾಗ, ಬಾಲದ ಬುಡ. ಗಂಟು ಹುಟ್ಟುವುದು ಹೆಚ್ಚಾಗಿ ಇಲ್ಲೇ. ನಾವು ಪ್ರೀತಿಯಿಂದ ಸವರುವುದು ತಲೆ, ಬೆನ್ನು. ಅಲ್ಲಿ ಗಂಟಾಗುವುದು ಕಡಿಮೆ.

ಇನ್ನೊಂದು ಮಾತು, ವಯಸ್ಸಾದ ಬೆಕ್ಕಿನ ಬಗ್ಗೆ. ಇಷ್ಟು ವರ್ಷ ನೀಟಾಗಿದ್ದ ಬೆಕ್ಕಿನ ಬೆನ್ನ ಮೇಲೆ, ಸೊಂಟದ ಹತ್ತಿರ ಇದ್ದಕ್ಕಿದ್ದಂತೆ ಗಂಟು ಕಟ್ಟತೊಡಗಿದರೆ ಅದನ್ನು ಬಾಚಣಿಗೆಯ ವಿಷಯ ಅಂದುಕೊಳ್ಳಬೇಡಿ. ಕೀಲು ನೋವಿನಿಂದ ತಿರುಗಿ ನೆಕ್ಕಿಕೊಳ್ಳಲು ಆಗುತ್ತಿಲ್ಲವೋ ಏನೋ. ಹಲ್ಲು, ಒಸಡು ನೋಯುತ್ತಿರಬಹುದು. ಮೈ ಬಂದು ಹಿಂಭಾಗ ತಲುಪದೇ ಇರಬಹುದು. ಮೂತ್ರಪಿಂಡದ ಕಾಯಿಲೆ, ಸಕ್ಕರೆ ಕಾಯಿಲೆ ಬಂದ ಬೆಕ್ಕೂ ಮೈ ನೋಡಿಕೊಳ್ಳುವುದನ್ನು ಬಿಡುತ್ತದೆ. ಬೆಕ್ಕು ನೋವನ್ನು ತೋರಿಸಿಕೊಳ್ಳುವ ಪ್ರಾಣಿಯಲ್ಲ. ಎಷ್ಟೋ ಸಲ ಆ ಗಂಟೇ ನಮಗೆ ಸಿಗುವ ಮೊದಲ ಸುಳಿವು. ಇಂಥ ಬೆಕ್ಕನ್ನು ತಡಮಾಡದೆ ಡಾಕ್ಟರಿಗೆ ತೋರಿಸಿ.

ಮನೆಯ ಬೆಕ್ಕಿಗಾದರೆ ಹೇಗೋ ಒಬ್ಬರು ಇರುತ್ತಾರೆ. ನನಗೆ ನಿಜವಾಗಿ ಸಂಕಟವಾಗುವುದು ಬೀದಿಯಲ್ಲಿರುವವನ್ನು ನೋಡಿದಾಗ. ಉದ್ದ ಕೂದಲಿನ ಗುಣ ತಾಯಿ, ತಂದೆ ಇಬ್ಬರ ಕಡೆಯಿಂದಲೂ ಬಂದರೆ ಮಾತ್ರ ಮರಿಯಲ್ಲಿ ಕಾಣಿಸುತ್ತದೆ. ಪರ್ಷಿಯನ್ ಗಂಡುಬೆಕ್ಕು ಹೊರಗೆ ಹೋಗಿ ನಾಡಬೆಕ್ಕಿನ ಜೊತೆ ಸೇರಿದರೆ ಮರಿಗಳು ಸಾಮಾನ್ಯವಾಗಿ ಗಿಡ್ಡ ಕೂದಲಿನವೇ ಆಗುತ್ತವೆ. ಗುಣ ಒಳಗೆ ಅಡಗಿರುತ್ತದೆ. ಆ ಮರಿಗಳು ಬೆಳೆದು ತಮ್ಮಂಥದೇ ಇನ್ನೊಂದರ ಜೊತೆ ಸೇರಿದಾಗ ಬೀದಿಯಲ್ಲೇ ಉದ್ದ ಕೂದಲಿನ ಮರಿ ಹುಟ್ಟುತ್ತದೆ. ನಮ್ಮ ಕ್ರಾಸಿನ ಖಾಲಿ ಸೈಟಿನಲ್ಲಿ ಅಂಥವು ಈಗಾಗಲೇ ಇವೆ. ಮಳೆಯಲ್ಲಿ ನೆಂದು, ಕೆಸರು ಮೆತ್ತಿ, ಮೈಯೆಲ್ಲ ಜಡೆಗಟ್ಟಿಕೊಂಡು ಕಾಂಪೌಂಡಿನ ಮೇಲೆ ಕೂತಿರುತ್ತವೆ. ಹತ್ತಿರ ಹೋದರೆ ಓಡುತ್ತವೆ, ಬಾಚುವ ಮಾತೆಲ್ಲಿ. ಉದ್ದ ಕೂದಲಿನ ಬೆಕ್ಕು ಸಾಕಿದವರು ಅದಕ್ಕೆ ಸಂತಾನಹರಣ ಚಿಕಿತ್ಸೆ ಮಾಡಿಸಿ ಅಂತ ನಾನು ಕೈ ಮುಗಿದು ಕೇಳುವುದು ಇದಕ್ಕಾಗಿಯೇ. ಮರಿ ಮಾರಿ ಸ್ವಲ್ಪ ದುಡ್ಡಾಗುತ್ತದೆ ಅನ್ನುವ ಆಸೆ ಕೆಲವರಿಗಿದೆ, ನನಗೆ ಗೊತ್ತು. ಮಾರಾಟವಾಗದೆ ಉಳಿದ ಮರಿ ಎಲ್ಲಿಗೆ ಹೋಗುತ್ತದೆ ಅನ್ನುವುದನ್ನೂ ಅವರು ಯೋಚಿಸಲಿ.

ಸಂಪಾದಕರೇ, ನನ್ನ ಕೋರಿಕೆಗಳು ದೊಡ್ಡವಲ್ಲ. ಸಾಕುಪ್ರಾಣಿ ಮಾರುವ ಅಂಗಡಿಗಳು ರಾಜ್ಯದ ಪ್ರಾಣಿ ಕಲ್ಯಾಣ ಮಂಡಳಿಯಲ್ಲಿ ನೋಂದಣಿ ಮಾಡಿಸಬೇಕು ಅಂತ 2018ರ ನಿಯಮ ಹೇಳುತ್ತದೆ. ಮರಿ ಕೊಳ್ಳುವವರು ಆ ನೋಂದಣಿ ಪತ್ರ ತೋರಿಸಿ ಅಂತ ಕೇಳಲಿ. ಜೊತೆಗೆ, ಮರಿಯ ತಾಯಿಯನ್ನು ತೋರಿಸಿ ಅಂತಲೂ ಕೇಳಲಿ. ತಾಯಿಯ ಹೊಟ್ಟೆಯ ಅಡಿ, ಕಂಕುಳಲ್ಲಿ ಕೈಯಾಡಿಸಿದರೆ ಸಾಕು, ಮಾರುವವರು ಬೆಕ್ಕನ್ನು ಹೇಗೆ ನೋಡಿಕೊಂಡಿದ್ದಾರೆ ಅಂತ ಗೊತ್ತಾಗುತ್ತದೆ. ಕಿರಿದಾದ ಜಾಗದಲ್ಲಿ ನಿಮ್ಮ ಪತ್ರಿಕೆಯೂ ಒಂದು ಉಪಕಾರ ಮಾಡಬಹುದು. ಇಂಥ ಜಾಹೀರಾತಿನ ಕೆಳಗೆ "ಈ ಬೆಕ್ಕಿಗೆ ದಿನಾ ಬಾಚಬೇಕು" ಅಂತ ಒಂದು ಸಾಲು ಹಾಕಿ.

ನಮ್ಮ ಊರಿನಲ್ಲೇ ಪಶುವೈದ್ಯಕೀಯ ಕಾಲೇಜು ಇದೆ. ಕಲಿಯುವ ಮಕ್ಕಳಿದ್ದಾರೆ, ಕಲಿಸುವ ಡಾಕ್ಟರುಗಳಿದ್ದಾರೆ. ಮಳೆಗಾಲ ಶುರುವಾಗುವ ಮುಂಚೆ, ಮೇ ತಿಂಗಳಲ್ಲಿ ಒಂದು ಭಾನುವಾರ, ಬೆಕ್ಕು ಸಾಕಿದವರನ್ನು ಕರೆದು ಬಾಚಣಿಗೆ ಹಿಡಿಯುವುದು ಹೇಗೆ, ಯಾವ ಗಂಟನ್ನು ಮನೆಯಲ್ಲಿ ಬಿಡಿಸಬಹುದು, ಯಾವುದನ್ನು ಆಸ್ಪತ್ರೆಗೆ ತರಬೇಕು ಅಂತ ಕಣ್ಣೆದುರು ತೋರಿಸಿದರೆ ಎಷ್ಟೋ ಬೆಕ್ಕುಗಳು ನೋವಿನಿಂದ ಪಾರಾಗುತ್ತವೆ. ಪಶು ಇಲಾಖೆಯವರು ತಾಲೂಕು ಆಸ್ಪತ್ರೆಗಳಿಗೆ ಒಂದೊಂದು ಒಳ್ಳೆಯ ಕ್ಲಿಪ್ಪರ್ ಕೊಡಲಿ. ಬೇಲೂರು, ಆಲೂರು, ಸಕಲೇಶಪುರದವರು ಗಂಟು ತೆಗೆಸಲು ಬೆಕ್ಕನ್ನು ಬಸ್ಸಿನಲ್ಲಿ ಹಾಸನಕ್ಕೆ ತರುವುದು ತಪ್ಪುತ್ತದೆ. ಅಂಥ ಒಂದು ಭಾನುವಾರ ಗೊತ್ತಾದರೆ ನನ್ನ ಬಾಚಣಿಗೆ ತೆಗೆದುಕೊಂಡು ನಾನೂ ಬರುತ್ತೇನೆ. ಬುಡ ಹಿಡಿದು ಹಿಂಜುವುದನ್ನು ತೋರಿಸಿಕೊಡುವಷ್ಟು ನನಗೆ ಬರುತ್ತದೆ.

ಇಂತಿ,
ನಿಮ್ಮ ಓದುಗರಲ್ಲಿ ಒಬ್ಬಳು
ಸಾಲಗಾಮೆ ರಸ್ತೆ, ಹಾಸನ